ಸಣ್ಣ ಬೆಂಕಿ, ಸಣ್ಣ ನೆರೆ

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಕಾಡಿಗೆ ತಾವೇ ಬೆಂಕಿ ಹಾಕುತ್ತಿದ್ದರು. ಕದ್ದು ಮುಚ್ಚಿ ಅಲ್ಲ, ಯಾರ ಮೇಲಿನ ಸಿಟ್ಟಿಗೂ ಅಲ್ಲ. ಬೇಸಿಗೆ ಇನ್ನೂ ಬಲಿಯದ ಜನವರಿ, ಫೆಬ್ರವರಿಯ ದಿನಗಳಲ್ಲಿ ನೆಲಕ್ಕುದುರಿದ ಒಣ ಎಲೆಗೆ ಕಿಡಿ ತಾಗಿಸಿ ಮುಂದಕ್ಕೆ ನಡೆಯುತ್ತಿದ್ದರು. ಅದನ್ನು ತರಗು ಬೆಂಕಿ ಎನ್ನುತ್ತಾರೆ. ಆ ಹೊತ್ತಿಗೆ ಹುಲ್ಲಿನ ಬುಡದಲ್ಲಿ ಇಬ್ಬನಿಯ ತೇವ ಇರುತ್ತದೆ, ಮರದ ಮೈಯಲ್ಲಿ ಹಸಿ ಉಳಿದಿರುತ್ತದೆ. ಬೆಂಕಿ ಮೊಣಕಾಲಿನ ಮೇಲೆ ಏಳುವುದಿಲ್ಲ. ಎಲೆಯಿಂದ ಎಲೆಗೆ ಚಟಪಟ ಸರಿದು, ಹಳ್ಳದ ಪಸೆ ಸಿಕ್ಕ ಕಡೆ ನಿಂತು, ರಾತ್ರಿಯ ತಂಪಿಗೆ ತಾನಾಗಿ ಆರುತ್ತದೆ. ಉಳಿಯುವುದು ತೆಳ್ಳನೆಯ ಕರಿ ಬೂದಿ. ಮೊದಲ ಮಳೆ ಬಿದ್ದೊಡನೆ ಅಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಕಡವೆ, ಕಾಟಿ ಬರುತ್ತವೆ. ಉಣ್ಣಿಗಳು ಸಾಯುತ್ತವೆ. ಕಾಲುದಾರಿ ತೆರವಾಗಿ, ಎದುರಿಗೆ ಆನೆ ಇದ್ದರೆ ದೂರದಿಂದಲೇ ಕಾಣುತ್ತದೆ. ನೆಲ್ಲಿಮರದ ಕೊಂಬೆ ಹಿಡಿದು ರಸ ಹೀರುವ ಉಪ್ಪಿಲು ಎಂಬ ಬಂದಳಿಕೆಯನ್ನೂ ಈ ಬೆಂಕಿಯೇ ಅಂಕೆಯಲ್ಲಿಡುತ್ತಿತ್ತು ಎಂದು ಸೋಲಿಗರು ಹೇಳುತ್ತಾರೆ. ನೆಲ್ಲಿಕಾಯಿ ಅವರ ವರಮಾನ. ಹಾಗಾಗಿ ಅದು ಹೊಟ್ಟೆಪಾಡಿನ ಲೆಕ್ಕವೂ ಹೌದು.

1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಕಾಡಿನೊಳಗಿದ್ದವರನ್ನು ಅಂಚಿನ ಪೋಡುಗಳಿಗೆ, ಅಂದರೆ ಸೋಲಿಗರ ಹಾಡಿಗಳಿಗೆ, ಸರಿಸಿದರು. ಬೆಂಕಿ ಅಪರಾಧವಾಯಿತು. ಕಾಯ್ದೆ ಬರೆದವರ ಮನಸ್ಸು ಕೆಟ್ಟದ್ದೇನಲ್ಲ. ಕಾಡು ಸುಡಬಾರದು ಎನ್ನುವುದಕ್ಕಿಂತ ಸಹಜವಾದ ಆಸೆ ಯಾವುದಿದೆ? ಆದರೆ ಬೆಂಕಿ ನಿಂತ ಕಾಡಿನಲ್ಲಿ ತರಗು ನಿಲ್ಲಲಿಲ್ಲ, ವರ್ಷವರ್ಷವೂ ಬಿದ್ದು ಪದರ ಪದರವಾಗಿ ಕೂತಿತು. ಅದರ ಜೊತೆಗೆ ಲಂಟಾನ ಎಂಬ ಕಳೆಯ ಪೊದೆ ಹಬ್ಬಿತು. ಸಂಶೋಧಕರು 1997ರಲ್ಲಿ ಈ ಬೆಟ್ಟದಲ್ಲಿ ಗುರುತು ಮಾಡಿಕೊಂಡ ತಾಕುಗಳಲ್ಲಿ ನೂರಕ್ಕೆ 41ರಲ್ಲಿ ಲಂಟಾನ ಕಂಡಿತ್ತು, 2008ರಲ್ಲಿ ನೋಡಿದಾಗ ಅದು 81ಕ್ಕೇರಿತ್ತು. ಬೆಂಕಿ ನಿಂತದ್ದರಿಂದಲೇ ಲಂಟಾನ ಏರಿತೆಂದು ಸೋಲಿಗರು ಖಚಿತವಾಗಿ ಹೇಳುತ್ತಾರೆ. ವಿಜ್ಞಾನಿಗಳಲ್ಲಿ ಕೆಲವರು ಒಪ್ಪುತ್ತಾರೆ, ಕೆಲವರು ಬೆಂಕಿಯಿಂದಲೂ ಲಂಟಾನ ಹಬ್ಬುತ್ತದೆ ಎಂದು ತಕರಾರು ತೆಗೆಯುತ್ತಾರೆ. ನನಗೆ ಮುಖ್ಯವೆನ್ನಿಸುವುದು ಬೇರೆ. ತರಗು ಬೆಂಕಿ ಹಾಕುವವರು ಕಾಡಿನ ಜೊತೆ ವರ್ಷಕ್ಕೊಮ್ಮೆ ಒಂದು ಸಣ್ಣ ನಷ್ಟಕ್ಕೆ ಒಪ್ಪಿಕೊಳ್ಳುತ್ತಿದ್ದರು. ನಾವು ನಷ್ಟವೇ ಬೇಡ ಎಂದೆವು.

ಬೇಡ ಎಂದದ್ದು ಹೇಗೆ ಬರುತ್ತದೆ ಎಂಬುದನ್ನು ಬಂಡೀಪುರ ತೋರಿಸಿತು. 2019ರ ಫೆಬ್ರವರಿಯ ಕೊನೆಯ ವಾರ ಗೋಪಾಲಸ್ವಾಮಿ ಬೆಟ್ಟ, ಕುಂದಕೆರೆ ವಲಯಗಳಲ್ಲಿ ಹೊತ್ತಿಕೊಂಡ ಬೆಂಕಿ ಆರುವ ಹೊತ್ತಿಗೆ 4,400 ಹೆಕ್ಟೇರಿನಷ್ಟು ಕಾಡು ಕಪ್ಪಾಗಿತ್ತು. ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯುವ ಬೆಂಕಿ ಅದಾಗಿರಲಿಲ್ಲ. ಒಣಗಿದ ಲಂಟಾನದ ಪೊದೆ ಏಣಿಯಂತಾಗಿ ಜ್ವಾಲೆ ಮರದ ನೆತ್ತಿಗೇರಿತು. ಗಾಳಿ ಬೀಸಿದಾಗ ಅದು, ಕಿಚ್ಚು ತಡೆಯಲು ಸವರಿಟ್ಟ ಬೆಂಕಿ ರೇಖೆಯನ್ನೇ ಹಾರಿ ಆಚೆ ಬಿದ್ದಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಹೊತ್ತು ತಂದು ಸುರಿದವು. ಅದಕ್ಕೂ ಎರಡು ವರ್ಷ ಮುಂಚೆ, 2017ರ ಫೆಬ್ರವರಿಯಲ್ಲಿ, ಇದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಅದರ ನಡುವೆ ಸಿಕ್ಕಿ ಸತ್ತರು. ಸಣ್ಣ ಸಂಬಳದ ಆ ಮನುಷ್ಯ ಯಾವ ನೀತಿಯನ್ನೂ ಮಾಡಿದವರಲ್ಲ. (ಕೊಂಬೆಗೆ ಕೊಂಬೆ ಉಜ್ಜಿ ಕಾಡ್ಗಿಚ್ಚು ಹುಟ್ಟುತ್ತದೆ ಎಂದು ಶಾಲೆಯಲ್ಲಿ ಕಲಿತದ್ದನ್ನು ನಾವು ಇನ್ನೂ ನಂಬುತ್ತೇವೆ. ನಮ್ಮ ಕಾಡುಗಳಲ್ಲಿ ಕಡ್ಡಿ ಗೀರುವುದು ಹೆಚ್ಚುಕಡಿಮೆ ಯಾವಾಗಲೂ ಮನುಷ್ಯನ ಕೈ. ಆದರೆ ಗೀರಿದ ಕಡ್ಡಿ ಎಷ್ಟು ದೊಡ್ಡದಾಗುತ್ತದೆ ಎನ್ನುವುದನ್ನು ನಿರ್ಧರಿಸುವುದು ಮೊದಲೇ ಬಿದ್ದಿರುವ ಉರುವಲು.)

ಬೆಂಕಿಯೇ ಬೇಡ ಎನ್ನುವ ಈ ಹಟ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಅರಣ್ಯ ಇಲಾಖೆ 1935ರಲ್ಲಿ ಒಂದು ನಿಯಮ ಮಾಡಿತು. ಎಲ್ಲಿ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಅದು ಹತೋಟಿಗೆ ಬಂದಿರಬೇಕು. ನಾಲ್ಕು ದಶಕ ಪಾಲಿಸಿ ಕೈಬಿಟ್ಟರು, ಅಷ್ಟರಲ್ಲಿ ಕಾಡು ಉರುವಲಿನ ಕಣಜವಾಗಿತ್ತು. ಯಾರು ಬೆಂಕಿ ಹಾಕಿದರೆ ಹಿಂದೆ ಶಿಕ್ಷೆಯಾಗುತ್ತಿತ್ತೋ ಆ ಕರೂಕ್, ಯುರೋಕ್ ಬುಡಕಟ್ಟಿನವರನ್ನೇ ಕ್ಯಾಲಿಫೋರ್ನಿಯಾದಲ್ಲಿ ಈಗ ಬೆಂಕಿ ಹಾಕುವ ಕ್ರಮ ಕಲಿಸಿ ಎಂದು ಕರೆಯುತ್ತಿದ್ದಾರೆ.

ವರ್ಷವರ್ಷ ಬಡ್ಡಿ ಕಟ್ಟುವುದು ಕಷ್ಟವೇ. ಕೈ ಕಚ್ಚುತ್ತದೆ, ಆದರೆ ಮನೆ ಉಳಿಯುತ್ತದೆ. ಕಟ್ಟದೆ ಬಿಟ್ಟ ಬಡ್ಡಿ ಸದ್ದಿಲ್ಲದೆ ಅಸಲಿಗೆ ಸೇರುತ್ತದೆ, ಒಂದು ದಿನ ಜಪ್ತಿಯವರು ಬಾಗಿಲಿಗೆ ಬರುತ್ತಾರೆ. ಬೆಂಕಿ ಮತ್ತು ನೀರಿನ ವಿಷಯದಲ್ಲಿ ನಾವು ಮಾಡಿಕೊಂಡಿರುವುದು ಇದನ್ನೇ. ಇಲ್ಲಿ ಒಂದು ವಿಚಿತ್ರವೂ ಇದೆ. ಬಡ್ಡಿ ಬೇಡ ಎಂದವರು ಒಬ್ಬರು, ಜಪ್ತಿಯಾಗುವುದು ಇನ್ನೊಬ್ಬರ ಮನೆ.

ಮಲಪ್ರಭೆಯ ದಂಡೆಯಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ಈ ಹೊಳೆ ಒಂದು ಕಾಲಕ್ಕೆ ಮಳೆಗಾಲ ಬಂದರೆ ದಂಡೆ ಮೀರುತ್ತಿತ್ತು. ಹೊಲದಲ್ಲಿ ಎರೆಮಣ್ಣು ಬಿಟ್ಟು ಇಳಿಯುತ್ತಿತ್ತು. ಹೊಸ ನೀರು ಬಂದಾಗ ಹೆಣ್ಣುಮಕ್ಕಳು ಹೋಗಿ ಹೊಳೆಗೆ ಉಡಿ ತುಂಬುತ್ತಿದ್ದರು, ತವರಿಗೆ ಬಂದ ಮಗಳಿಗೆ ತುಂಬುವ ಹಾಗೆ. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ 1970ರ ದಶಕದಲ್ಲಿ ಅಣೆಕಟ್ಟು ಎದ್ದಿತು. ಹುಬ್ಬಳ್ಳಿ, ಧಾರವಾಡದ ನಲ್ಲಿಗೆ ಅದರಿಂದ ನೀರು ಬಂತು, ಹೊಲಗಳಿಗೆ ಕಾಲುವೆ ಬಂತು. ಅಣೆಕಟ್ಟು ಬೇಡವಾಗಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ. ಆ ನೀರು ಕುಡಿದು ಬೆಳೆದವರು ನಮ್ಮಲ್ಲಿ ಎಷ್ಟು ಲಕ್ಷ ಜನ!

ಆದರೆ ಜಲಾಶಯ ತುಂಬುತ್ತಿದ್ದದ್ದು ಅಪರೂಪ. ತುಂಬದ ಜಲಾಶಯ ನೀರು ಬಿಡುವುದಿಲ್ಲ, ಕೆಳಗಿನ ಹೊಳೆ ವರ್ಷಗಟ್ಟಲೆ ಒಂದು ಕಾಲುವೆಯಷ್ಟಗಲಕ್ಕೆ ಸೊರಗುತ್ತದೆ. ಸೊರಗಿದ ಹೊಳೆಯ ಮೈಮೇಲೆ ಜಾಲಿ ಬೆಳೆಯಿತು, ಜೋಳ ಬೆಳೆಯಿತು, ಕಬ್ಬು ಬೆಳೆಯಿತು. ಅಧಿಕಾರಿಗಳು ಅದನ್ನು ಒತ್ತುವರಿ ಎನ್ನುತ್ತಾರೆ. ಅದು ನಿಜ. ಆದರೆ ಇಪ್ಪತ್ತು ವರ್ಷ ನೀರು ಕಾಣದ ನೆಲವನ್ನು ಹೊಳೆಯೆಂದು ನೆನಪಿಡುವುದು ಮನುಷ್ಯನಿಂದ ಆಗುವ ಕೆಲಸವಲ್ಲ. ಹೊಳೆ ಮರೆಯಲಿಲ್ಲ, ಜನ ಮರೆತರು. ಮರೆಯುವ ಹಾಗೆ ಮಾಡಿದ್ದು ಸಣ್ಣ ನೆರೆ ನಿಂತು ಹೋದದ್ದು. ವರ್ಷಕ್ಕೊಮ್ಮೆ ಅಂಗಳಕ್ಕೆ ಬಂದು ಹೋಗುತ್ತಿದ್ದ ನೀರು ತನ್ನ ಗಡಿಯನ್ನು ತಾನೇ ಗೀಚಿ ತೋರಿಸುತ್ತಿತ್ತು. ಯಾವ ಸರ್ವೆಯವರ ಕಲ್ಲೂ ಅಷ್ಟು ಚೆನ್ನಾಗಿ ನೆನಪಿಸಲಾರದು.

2009ರಲ್ಲಿ, ಬರ ಬರ ಎಂದು ಗೋಳಿಡುತ್ತಿದ್ದ ವರ್ಷದಲ್ಲೇ, ಸೆಪ್ಟೆಂಬರ್ ಕೊನೆಗೆ ಮಳೆ ಹಿಡಿಯಿತು. ನಾಲ್ಕೈದು ದಿನದಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಹತ್ತು ವರ್ಷ ಕಳೆದು 2019ರ ಆಗಸ್ಟಿನಲ್ಲಿ ಮತ್ತೆ ನೆರೆ ಬಂತು. ಆ ಸಲ ಇಡೀ ರಾಜ್ಯದಲ್ಲಿ 22 ಜಿಲ್ಲೆ, 103 ತಾಲ್ಲೂಕು ಅದಕ್ಕೆ ಸಿಕ್ಕವು. ನವಿಲುತೀರ್ಥದ ಗೇಟು ತೆರೆದದ್ದು ಒಂದು ಕಡೆ, ಬೆಣ್ಣೆಹಳ್ಳ ಉಕ್ಕಿದ್ದು ಇನ್ನೊಂದು ಕಡೆ. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ಹೊಳೆ ನಿಂತಿತು. ನರಗುಂದ ತಾಲ್ಲೂಕಿನ ಕೊಣ್ಣೂರಿನಲ್ಲಿ ಹುಬ್ಬಳ್ಳಿ ಸೊಲ್ಲಾಪುರ ಹೆದ್ದಾರಿಯೇ ಕಡಿದುಹೋಯಿತು. 1980ರಲ್ಲಿ ಇದೇ ನರಗುಂದ, ಪಕ್ಕದ ನವಲಗುಂದ, ಕಾಲುವೆಗೆ ನೀರು ಬರಲಿಲ್ಲ, ಕರ ಮಾತ್ರ ಬಂತು ಎಂದು ಎದ್ದು ಗೋಲಿಬಾರು ಕಂಡಿದ್ದವು. ಬಾರದ ನೀರಿಗೆ ಜೀವ ತೆತ್ತ ಊರುಗಳೇ ಬಂದ ನೀರಿಗೂ ತೆರಬೇಕಾಯಿತು.

ನೀರು ಇಳಿದ ಮೇಲೆ ಮಣ್ಣಿನ ಮಾಳಿಗೆ ಮನೆ ತಕ್ಷಣ ಬೀಳುವುದಿಲ್ಲ. ಗೋಡೆ ನೀರು ಕುಡಿದು ಬಿಮ್ಮನೆ ನಿಂತಿರುತ್ತದೆ. ಮೇಲೆ ಕೈಯಿಟ್ಟರೆ ತಣ್ಣಗೆ, ಹಸಿ ಹಿಟ್ಟಿನ ಹಾಗೆ. ಬಿಸಿಲು ಬಿದ್ದು ಒಣಗತೊಡಗಿದಾಗ ಬಿರುಕು ಬಿಡುತ್ತದೆ, ಆಮೇಲೆ ಯಾವುದೋ ಒಂದು ಮಧ್ಯಾಹ್ನ ತೊಲೆಯ ಭಾರಕ್ಕೆ ಕೂರುತ್ತದೆ. ಸರ್ವೆಗೆ ಬಂದವರು ನಿಂತ ಗೋಡೆ ನೋಡಿ ಭಾಗಶಃ ಹಾನಿ ಎಂದು ಬರೆದುಕೊಂಡು ಹೋದ ಮೇಲೆ ಬಿದ್ದ ಮನೆಗಳಿವೆ. ಅಂಥವರು ಕಾಗದ ಹಿಡಿದು ತಲಾಟಿಯ ಹಿಂದೆ ಅಲೆದ ತಿಂಗಳುಗಳನ್ನು ಯಾವ ಪಟ್ಟಿಯೂ ಲೆಕ್ಕ ಹಾಕಿಲ್ಲ. ಹಗೇವಿನ ಬಾಯಿ ತೆಗೆದರೆ ಒಳಗೆ ಜೋಳ ಉಬ್ಬಿ, ಹುಳಿತು, ಹತ್ತಿರ ಸುಳಿಯಲಾರದ ನಾತ.

2009ರ ನೆರೆಯ ನಂತರ ಸರ್ಕಾರ, ದಾನಿಗಳು ಸೇರಿ ಎತ್ತರದ ಜಾಗದಲ್ಲಿ ‘ಆಸರೆ’ ಮನೆಗಳನ್ನು ಕಟ್ಟಿಸಿದರು. ಸಾಲಾಗಿ, ಒಂದರ ಹಾಗೆ ಇನ್ನೊಂದು. ಎಷ್ಟೋ ಕಡೆ ಅವು ಖಾಲಿ ಉಳಿದವು, ಅಂಗಳದಲ್ಲಿ ಮುಳ್ಳುಕಂಟಿ ಬೆಳೆಯಿತು. ಜನ ಹಳೆಯ ಊರಿಗೇ ಮರಳಿದರು. ಹತ್ತು ವರ್ಷದ ಮೇಲೆ ಮತ್ತೆ ಮುಳುಗಿದಾಗ ಪೇಟೆಯಲ್ಲಿ ಕೂತವರು, ‘ಕಟ್ಟಿಸಿಕೊಟ್ಟರೂ ಹೋಗಲಿಲ್ಲ, ಅನುಭವಿಸಲಿ’ ಎಂದರು. ನನಗೂ ಆ ಪ್ರಶ್ನೆ ಇತ್ತು. ಕೊಣ್ಣೂರಿನ ಆಚೆ, ಎಮ್ಮೆಯ ಮೈ ತೊಳೆಯುತ್ತಿದ್ದ ಒಬ್ಬ ಹಿರಿಯರನ್ನು ಕೇಳಿದೆ. ಅವರು ಕೈ ನಿಲ್ಲಿಸಲಿಲ್ಲ. ‘ಅಲ್ಲಿ ಮನಿ ಐತ್ರಿ, ಕೊಟ್ಟಿಗಿ ಇಲ್ಲ. ದನಾ ಎಲ್ಲಿ ಕಟ್ಟೂದು? ಹೊಲ ಇಲ್ಲಿ, ಎತ್ತು ದಿನಾ ಮುಂಜಾನೆ ಹೊಡಕೊಂಡ ಬರೂದು, ಸಂಜಿಗೆ ಹೊಡಕೊಂಡ ಹೋಗೂದು. ಹೊಳಿ ಬರೂದು ಹತ್ತ ವರ್ಷಕ್ಕ ಒಮ್ಮಿ. ಮೇವು ಹಾಕೂದು ದಿನಾ ರೀ.’

ಅಪಾಯದ ಬಗ್ಗೆ ಓದಿದ ಎಷ್ಟೋ ಲೇಖನಗಳಿಗಿಂತ ಈ ಮಾತು ನನಗೆ ಹೆಚ್ಚು ತಿಳಿಸಿತು. ಆಸರೆ ಮನೆಯ ನಕ್ಷೆ ಬರೆದವರು ಹತ್ತು ವರ್ಷಕ್ಕೊಮ್ಮೆ ಬರುವ ಐದು ದಿನಗಳನ್ನು ಕಣ್ಣಮುಂದೆ ಇಟ್ಟುಕೊಂಡಿದ್ದರು. ಆ ಹಿರಿಯರು ಉಳಿದ ಮೂರೂವರೆ ಸಾವಿರ ದಿನಗಳನ್ನು ಇಟ್ಟುಕೊಂಡಿದ್ದರು. ಇಬ್ಬರ ಲೆಕ್ಕವೂ ತಪ್ಪಲ್ಲ. ಆದರೆ ಒಂದು ಲೆಕ್ಕಕ್ಕೆ ಮಾತ್ರ ಸಿಮೆಂಟು, ಇಟ್ಟಿಗೆ ಮಂಜೂರಾಯಿತು. ಸುರಕ್ಷಿತ ಜಾಗ ಎಂದರೆ ನೀರು ಬಾರದ ಜಾಗ ಎಂದಷ್ಟೇ ನಾವು ಅರ್ಥ ಮಾಡಿಕೊಂಡರೆ, ಬದುಕೂ ಬಾರದ ಜಾಗವೊಂದನ್ನು ಕಟ್ಟಿ ಕೂರುತ್ತೇವೆ.

ಇದರ ಬುಡದಲ್ಲಿ ಭಯದ ಸ್ವರೂಪವೇ ಬದಲಾಗಿದೆ ಎಂದು ನನಗೆ ಅನಿಸುತ್ತದೆ. ನಮ್ಮ ಊರದೇವತೆಗಳು ಬರೀ ಕಾಯುವವರಾಗಿರಲಿಲ್ಲ. ಸಿಡುಬು ತರುವವಳೂ ಮಾರಮ್ಮ, ತೆಗೆಯುವವಳೂ ಮಾರಮ್ಮ. ಗಂಗಮ್ಮ ಹೊಲಕ್ಕೆ ಮಣ್ಣು ತರುತ್ತಾಳೆ, ಹಟ್ಟಿಯಿಂದ ಕರುವನ್ನೂ ಒಯ್ಯುತ್ತಾಳೆ. ಅವಳ ಜೊತೆ ಮಾತುಕತೆ, ಚೌಕಾಸಿ, ಮುನಿಸು, ಹರಕೆ ಎಲ್ಲ ಸಾಧ್ಯವಿತ್ತು. ಇದನ್ನು ನಾನು ಹೊಗಳಿ ಹೇಳುತ್ತಿಲ್ಲ. ಆ ಚೌಕಾಸಿಯಲ್ಲಿ ಮಕ್ಕಳು ಸತ್ತಿದ್ದಾರೆ, ಹಸಿವು ಇತ್ತು, ಸಿಡುಬಿಗೆ ಹರಕೆಯಲ್ಲ, ಲಸಿಕೆಯೇ ಬೇಕಾಯಿತು. ಆದರೂ ಕೊಡುವ ಕೈ, ಕಸಿಯುವ ಕೈ ಒಂದೇ ಎಂಬ ಅರಿವು ಅಲ್ಲಿತ್ತು. ಆ ಜಾಗಕ್ಕೆ ಬಂದ ಸರ್ಕಾರ ಅಭಯಹಸ್ತವನ್ನು ಮಾತ್ರ ತೋರಿಸುತ್ತದೆ. ಅಣೆಕಟ್ಟು ತುಂಬಿದರೆ ಮಂತ್ರಿಗಳು ಬಾಗಿನ ಬಿಡುತ್ತಾರೆ. ಗೇಟು ತೆರೆದು ಕೆಳಗಿನ ಊರು ಮುಳುಗಿದರೆ ಅದು ಪ್ರಕೃತಿಯ ಮುನಿಸು. ಕೊಟ್ಟದ್ದು ನಾವು, ಕಸಿದದ್ದು ಪ್ರಕೃತಿ. ಈ ಹಂಚಿಕೆಯಲ್ಲಿ ದಂಡೆಯವರು ಯಾರೊಂದಿಗೂ ಚೌಕಾಸಿ ಮಾಡಲಾರರು.

ಹಾಗಾದರೆ ಹಿಂದಕ್ಕೆ ಹೋಗೋಣವೇ? ಸೋಲಿಗರ ಕೈಗೆ ಕಡ್ಡಿಪೆಟ್ಟಿಗೆ ಕೊಟ್ಟು, ನವಿಲುತೀರ್ಥದ ಗೇಟು ತೆಗೆದಿಟ್ಟರೆ ಸರಿಯಾಗುವುದೇ? ಇಲ್ಲ. ಆಳೆತ್ತರ ಲಂಟಾನ ನಿಂತ ಕಾಡಿನಲ್ಲಿ ಇಂದು ತರಗು ಬೆಂಕಿ ಹಾಕಿದರೆ ಅದು ತರಗಿನಲ್ಲಿ ನಿಲ್ಲದು. ಮೊದಲು ಪೊದೆ ಕಿತ್ತು, ಒಂದೊಂದೇ ತುಂಡು ನೆಲವನ್ನು ಹದಕ್ಕೆ ತರಬೇಕು. ಆ ಹದ ಗೊತ್ತಿರುವವರಿಗೆ ಈಗ ವಯಸ್ಸಾಗಿದೆ. ಒಂದು ತಲೆಮಾರು ಬಳಸದೆ ಬಿಟ್ಟ ತಿಳಿವಳಿಕೆಯನ್ನು ಬಿಟ್ಟಲ್ಲಿಂದಲೇ ಮತ್ತೆ ಎತ್ತಿಕೊಳ್ಳಲು ಬರುವುದಿಲ್ಲ, ಏಕೆಂದರೆ ಕಾಡು ಅಲ್ಲಿ ಕಾದು ನಿಂತಿರುವುದಿಲ್ಲ.

ಮಳೆಯೂ ನಿಂತಿಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದಂತೆ, ಮಧ್ಯ ಭಾರತದಲ್ಲಿ ದೊಡ್ಡ ಪ್ರದೇಶವನ್ನು ಒಮ್ಮೆಗೇ ಹಿಡಿಯುವ ವಿಪರೀತ ಮಳೆ 1950ರಿಂದ 2015ರ ನಡುವೆ ಮೂರು ಪಟ್ಟಾಗಿದೆ. ಅರಬ್ಬಿ ಸಮುದ್ರ ಕಾಯುತ್ತಿದೆ, ಕಾದ ಗಾಳಿ ಹೆಚ್ಚು ಹಸಿ ಹೊರುತ್ತದೆ, ಹೊತ್ತದ್ದನ್ನು ಎರಡು ಮೂರು ದಿನದಲ್ಲಿ ಸುರಿದು ಹೋಗುತ್ತದೆ. ಜಡಿಮಳೆ ಎಂದು ನಾವು ಯಾವುದನ್ನು ಕರೆಯುತ್ತಿದ್ದೆವೋ, ವಾರಗಟ್ಟಲೆ ಸುರಿದು ನೆಲಕ್ಕೆ ಇಳಿಯುತ್ತಿದ್ದ ಆ ಮಳೆಯೇ ಕಡಿಮೆಯಾಗುತ್ತಿದೆ. ಅಂದರೆ ಈಗ ಸಣ್ಣ ನೆರೆ ಬೇಡವೆಂದು ಯಾರೂ ಹೇಳಬೇಕಾಗಿಲ್ಲ. ಅದು ತಾನಾಗಿ ಕಾಣೆಯಾಗುತ್ತಿದೆ. ಮಲಪ್ರಭೆಯ ಲೆಕ್ಕದಲ್ಲಿ ಅಣೆಕಟ್ಟು ಮಾಡಿದ್ದನ್ನು ಆಕಾಶವೇ ಎಲ್ಲೆಡೆ ಮಾಡತೊಡಗಿದೆ. ಆಕಾಶ ಹೀಗಾದದ್ದಕ್ಕೆ ಹೊಗೆ ಬಿಟ್ಟವರು ಯಾರು ಎಂದು ಕೇಳಿದರೆ, ದಂಡೆಯ ಜೋಳದ ಹೊಲದವರ ಪಾಲು ಎಷ್ಟು ಬಂದೀತು?

ಇಲ್ಲಿ ನನ್ನ ವಾದಕ್ಕೆ ಹೊಂದದ ಒಂದು ಘಟನೆಯನ್ನೂ ಹೇಳಬೇಕು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಅಗಲ ಮಾಡಲು ಗುಡ್ಡದ ಬುಡ ಕಡಿದಿದ್ದರು, ಮೇಲೆ ಬಿಡದೆ ಮಳೆ. ಸಣ್ಣ ಕುಸಿತ ಎಂಬುದೊಂದನ್ನು ಅಲ್ಲಿ ಹಿಂದೆ ಯಾರೂ ಒಪ್ಪಿಕೊಂಡಿರಲಿಲ್ಲ, ತಿರಸ್ಕರಿಸಿಯೂ ಇರಲಿಲ್ಲ. ಗುಡ್ಡದ ಜೊತೆ ಅಂಥ ಲೇವಾದೇವಿಯೇ ಇರಲಿಲ್ಲ. ರಸ್ತೆ ಬದಿಯ ಚಹಾ ಹೋಟೆಲು, ಅದರೊಳಗಿದ್ದ ಕುಟುಂಬ, ನಿಂತಿದ್ದ ಲಾರಿಗಳು ಮಣ್ಣಿನ ಜೊತೆ ಗಂಗಾವಳಿ ಹೊಳೆಗೆ ಹೋದವು. ಅಷ್ಟಕ್ಕೇ ಮುಗಿಯಲಿಲ್ಲ. ಗುಡ್ಡ ಬಿದ್ದ ರಭಸಕ್ಕೆ ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಗೆ ಅಪ್ಪಳಿಸಿತು. ಮನೆಗಳು ಒಡೆದವು, ಅಲ್ಲಿಯೂ ಜೀವ ಹೋಯಿತು. ಉಳುವರೆಯಲ್ಲಿ ಯಾರೂ ಗುಡ್ಡ ಕಡಿದಿರಲಿಲ್ಲ. ಹೆದ್ದಾರಿ ಅವರ ದಡದಲ್ಲಿ ಇರಲೂ ಇಲ್ಲ.

‘ಕೆರೆಗೆ ಹಾರ’ದ ಕಥೆ ನಮಗೆಲ್ಲ ಗೊತ್ತು. ಕಲ್ಲನಕೇರಿಯ ಮಲ್ಲನಗೌಡ ಕೆರೆ ತೋಡಿಸಿದ, ಹನಿ ನೀರು ಬರಲಿಲ್ಲ, ಜೀವ ಕೊಡಬೇಕೆಂದು ಹೊತ್ತಿಗೆ ಹೇಳಿತು. ಕಥೆಯ ಕರುಣೆ ಕೆರೆಗೆ ಹಾರವಾದ ಭಾಗೀರಥಿಯ ಮೇಲೆ ಹರಿಯುವುದರಿಂದ, ಅವಳನ್ನು ಆರಿಸಿದ ಕ್ರಮ ನಮ್ಮ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಕುಂದು. ಹೀಗೆ ಒಬ್ಬೊಬ್ಬರನ್ನೇ ತೂಗಿ ನೋಡಿ ಕೊನೆಗೆ ಉಳಿದವಳು ಕಿರಿಸೊಸೆ. ಅಲ್ಲಿ ಯಾರೂ ದುಷ್ಟರಲ್ಲ, ಎಲ್ಲರೂ ಮನೆಯ ಹಿತ ನೋಡುವವರೇ. ಯಾರು ಹೋದರೆ ಮನೆ ನಡೆಯುತ್ತದೆ ಎಂಬ ಲೆಕ್ಕ ಅಷ್ಟೇ. ಆ ಲೆಕ್ಕ ಹಾಕುವಾಗ ಭಾಗೀರಥಿ ಅಲ್ಲಿ ಇರಲಿಲ್ಲ. ಶಿರೂರಿನ ಗುಡ್ಡಕ್ಕೆ ಎಷ್ಟು ಇಳಿಜಾರು ಬಿಡಬೇಕು ಎಂದು ತೀರ್ಮಾನಿಸಿದ ಕಡೆಯೂ ಉಳುವರೆಯವರು ಇರಲಿಲ್ಲ. ಆದ್ದರಿಂದ ನಾನು ಮೊದಲಿಗೆ ಹೇಳಿದ್ದನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಸೋಲಿಗರ ಬೆಂಕಿಯಲ್ಲಿ ನಾವು ನೋಡಬೇಕಾದದ್ದು ಅದು ಸಣ್ಣದು ಎಂಬುದನ್ನಷ್ಟೇ ಅಲ್ಲ. ಹಾಕುವವರೂ ಸುಡಿಸಿಕೊಳ್ಳುವವರೂ ಅಲ್ಲಿ ಒಬ್ಬರೇ ಆಗಿದ್ದರು. ಕೈ ತಪ್ಪಿದರೆ ಹೋಗುವುದು ತಮ್ಮದೇ ಪೋಡು, ತಮ್ಮದೇ ನೆಲ್ಲಿಮರ. ಅದಕ್ಕೇ ಅದು ಸಣ್ಣದಾಗಿ ಉಳಿದಿತ್ತು.

ಪ್ರತಿ ಜನವರಿಯಲ್ಲಿ ಈಗ ಅರಣ್ಯ ಇಲಾಖೆ ಬೆಂಕಿ ರೇಖೆ ಸವರಲು, ಬೆಂಕಿ ಕಾಯಲು ಕಾಡಂಚಿನ ಜನರನ್ನು ದಿನಗೂಲಿಗೆ ತೆಗೆದುಕೊಳ್ಳುತ್ತದೆ. ಸೋಲಿಗರು, ಜೇನುಕುರುಬರು ಬೇಸಿಗೆ ಮುಗಿಯುವವರೆಗೆ ಬೆಂಕಿ ಕಾವಲುಗಾರರಾಗಿರುತ್ತಾರೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು. ಜೇನು, ನೆಲ್ಲಿಕಾಯಿ, ಪಾಚಿ ತೆಗೆಯುವುದು ಆ ಹಕ್ಕಿನೊಳಗಿದೆ. ಕಾಡನ್ನು ಕಾಯುವ, ನಿರ್ವಹಿಸುವ ಅಧಿಕಾರವನ್ನೂ ಕಾಯ್ದೆ ಗ್ರಾಮಸಭೆಗೆ ಕೊಟ್ಟಿದೆ. ಬೆಂಕಿ ಹಾಕಬಾರದು ಎಂಬ ವನ್ಯಜೀವಿ ಕಾಯ್ದೆಯ ಕಲಮೂ ಹಾಗೆಯೇ ಇದೆ. ಈ ಎರಡರ ನಡುವೆ, ಲಂಟಾನ ಕಿತ್ತ ಒಂದೆರಡು ಎಕರೆಯಲ್ಲಿ, ಜನವರಿಯ ತೇವದಲ್ಲಿ, ಇಲಾಖೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತರಗಿಗೆ ಕಿಡಿ ತಾಗಿಸಿ ನೋಡೋಣವೇ ಎಂಬ ಠರಾವನ್ನು ಗ್ರಾಮಸಭೆಯೊಂದು ಮಾಡಬಹುದು. ಒಪ್ಪಿಗೆ ಸಿಗುತ್ತದೋ ಇಲ್ಲವೋ, ಅರ್ಜಿ ಬರೆಯಬೇಕಾದವರು ಬೆಂಕಿಯ ಹತ್ತಿರ ಇರುವವರೇ.